ಮೊದಲು ನೀರಿನೊಳಗೆ ನೋಡಿ, ಆಮೇಲೆ ತಿದ್ದಿ

ಪೂಲ್ ದಂಡೆಯ ಮೇಲೆ ನಿಂತು "ಮೊಣಕೈ ಇಳಿಸಬೇಡ, ಮೊಣಕೈ ಇಳಿಸಬೇಡ" ಎಂದು ಕೂಗುವುದು ಸ್ವಿಮ್ಮಿಂಗ್ ಕೋಚ್ ಕೆಲಸದಲ್ಲಿ ಅತಿ ಸುಲಭದ ಭಾಗ. ಕೂಗಿದ್ದರಿಂದ ಎಷ್ಟು ಮಕ್ಕಳ ಮೊಣಕೈ ಸರಿಹೋಯಿತು ಎಂದು ಲೆಕ್ಕ ಇಡುವವರು ಕಡಿಮೆ. ಅದಕ್ಕೇ, ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವ ಹೆಸರು ಜೇಮ್ಸ್ ಕೌನ್ಸಿಲ್‌ಮನ್. ಅಮೆರಿಕದ ಈಜುಲೋಕ ಇವರನ್ನು 'ಡಾಕ್' ಎಂದೇ ಕರೆಯುತ್ತಿತ್ತು.

1920ರಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ, ಆಮೇಲೆ ಡಾಕ್ಟರೇಟ್ ಮುಗಿಸಿದ ಕೌನ್ಸಿಲ್‌ಮನ್ 1957ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದರು. ಅಲ್ಲಿದ್ದದ್ದು 1990ರವರೆಗೆ. 1968ರಿಂದ 1973ರ ತನಕ ಸತತ ಆರು ವರ್ಷ ಅವರ ತಂಡವೇ ಅಮೆರಿಕದ ಕಾಲೇಜು ಚಾಂಪಿಯನ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಕಾಲೇಜು ದಿನಗಳಲ್ಲಿ ಇವರ ಬಳಿಯೇ ಇದ್ದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಇವರು ಕೋಚ್ ಆಗಿದ್ದ ಅಮೆರಿಕದ ಪುರುಷರ ತಂಡ 13 ಸ್ಪರ್ಧೆಗಳಲ್ಲಿ 12 ಚಿನ್ನ ಗೆದ್ದಿತು. ಪದಕದ ಪಟ್ಟಿ ಇಷ್ಟು ಸಾಕು. ನಮಗೆ ಬೇಕಾದದ್ದು ಅವರು ನೀರಿನೊಳಗೆ ಕ್ಯಾಮೆರಾ ಹಿಡಿದದ್ದು.

ಕೋಚ್‌ಗಳು ಹೇಳಿಕೊಡುವುದು ಒಂದು, ಒಳ್ಳೆಯ ಈಜುಗಾರರು ನಿಜವಾಗಿ ಮಾಡುವುದು ಇನ್ನೊಂದು ಎಂಬುದು ಆ ಚಿತ್ರಗಳಲ್ಲಿ ಕಂಡಿತು. ಕೈಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು ಎಂಬುದು ಆಗಿನ ಪಾಠ. ಫಿಲ್ಮ್‌ನಲ್ಲಿ ಕೈ ಬಳುಕಿಕೊಂಡು ಹೋಗುತ್ತಿತ್ತು. ಅದರಿಂದ ಹುಟ್ಟಿದ್ದು ಎಸ್ ಆಕಾರದ ಎಳೆತದ ಪಾಠ. ಅದು ಜಗತ್ತೆಲ್ಲ ಹರಡಿದ ಮೇಲೆ ಬೇರೆಯೇ ತೊಂದರೆ ಶುರುವಾಯಿತು. ಆ ಬಳುಕಿನಲ್ಲಿ ದೊಡ್ಡ ಪಾಲು ದೇಹ ಎಡಕ್ಕೆ ಬಲಕ್ಕೆ ಹೊರಳುವುದರಿಂದ ತಾನಾಗಿ ಬರುವಂಥದು. ಮಕ್ಕಳಿಗೆ "ಎಸ್ ಬರೆ" ಎಂದರೆ ಹೊರಳುವಿಕೆಯ ಮೇಲೆ ಇನ್ನೊಂದು ಎಸ್ ಬರೆಯುತ್ತಾರೆ. ಕೈ ಪಕ್ಕಕ್ಕೆ ಜಾರುತ್ತದೆ, ನೀರು ಹಿಂದಕ್ಕೆ ಹೋಗುವುದಿಲ್ಲ. ಫಿಲ್ಮ್ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನು ಹಾಗೆಯೇ ಆಜ್ಞೆ ಮಾಡಿಬಿಟ್ಟದ್ದು ತಪ್ಪಾಯಿತು. ಅಂಗೈ, ಮುಂಗೈ ಎರಡೂ ಹಿಂದಿನ ಗೋಡೆಯನ್ನು ನೋಡುತ್ತಿರಲಿ ಎಂದಷ್ಟೇ ಹೇಳಿ. ಬಳುಕು ಬರಬೇಕಾದಷ್ಟು ಬರುತ್ತದೆ.

ದಂಡೆಯಿಂದ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬೆಳಕು ನೀರಿನಲ್ಲಿ ಬಾಗುವುದರಿಂದ ಒಳಗಿರುವ ವಸ್ತು ನೇರ ಮೇಲಿಂದ ನೋಡಿದಾಗ ನಿಜವಾದ ಆಳದ ಮುಕ್ಕಾಲು ಪಾಲಿನಲ್ಲೇ ಇದ್ದಂತೆ ಕಾಣುತ್ತದೆ: 40 ಸೆಂ.ಮೀ. ಕೆಳಗಿರುವ ಕೈ 30ರಲ್ಲಿದೆ ಅನ್ನಿಸುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲೆ. ಜೊತೆಗೆ ನೊರೆ, ಬಿಸಿಲಿನ ಪ್ರತಿಫಲನ.

ಈಗ ಇದಕ್ಕೆ ದೊಡ್ಡ ಸಲಕರಣೆ ಬೇಡ. ನೀರು ನಿರೋಧಕ ಆಕ್ಷನ್ ಕ್ಯಾಮೆರಾ, ಎರಡು ಮೀಟರ್ ಕೋಲು ಸಾಕು. ಸೆಕೆಂಡಿಗೆ 60 ಫ್ರೇಮ್ ಇದ್ದರೂ ನಡೆಯುತ್ತದೆ, 120 ಇದ್ದರೆ ಕೈ ಮಸುಕಾಗುವುದು ಕಡಿಮೆ. ಕ್ಯಾಮೆರಾ ಅರ್ಧ ಮೀಟರ್ ಆಳದಲ್ಲಿರಲಿ. ಪಕ್ಕದ ಲೇನ್ ಖಾಲಿ ಮಾಡಿಸಿ ಬದಿಯಿಂದ ಒಂದು ಸಲ, ಗೋಡೆಯ ಬಳಿಯಿಂದ ಎದುರಿಗೆ ಒಂದು ಸಲ ತೆಗೆಯಿರಿ. ಚಿತ್ರೀಕರಣ ಸೆಟ್‌ನ (ಒಂದೇ ದೂರವನ್ನು ಮತ್ತೆ ಮತ್ತೆ ಈಜುವ ಸರಣಿಯ) ಕೊನೆಯ ಎರಡು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತಿನಲ್ಲಿ ಎಲ್ಲರೂ ಚೆಂದ ಈಜುತ್ತಾರೆ. ದಣಿದಾಗ ಮಾತ್ರ ನಿಜವಾದ ತಪ್ಪು ಹೊರಬೀಳುತ್ತದೆ. ಮಕ್ಕಳದ್ದಾದರೆ ತಂದೆ ತಾಯಿಯ ಬರಹದ ಒಪ್ಪಿಗೆ ಮೊದಲೇ ಇರಲೇಬೇಕು. ವಿಡಿಯೊ ಮಗುವಿಗೆ, ಅವರಿಗೆ ತೋರಿಸಿದ ಮೇಲೆ ಅಳಿಸಿಬಿಡಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ವಿಷಯವೇ ಅಲ್ಲ.

ಫ್ರೀಸ್ಟೈಲ್‌ನಲ್ಲಿ ಹೆಚ್ಚಾಗಿ ಸಿಗುವ ತಪ್ಪು ಮೊಣಕೈ ಕುಸಿಯುವುದು. ಮೊಣಕೈ ಕೈಗಿಂತ ಕೆಳಗಿಳಿದರೆ ಮುಂಗೈ ನೀರನ್ನು ಹಿಂದಕ್ಕೆ ತಳ್ಳದೆ ಕೆಳಕ್ಕೆ ಒತ್ತುತ್ತದೆ. ಎದೆ ಏಳುತ್ತದೆ, ಸೊಂಟ ಮುಳುಗುತ್ತದೆ. ಆದರೆ ಮೂಲ ಬಹಳ ಸಲ ಮೊಣಕೈಯಲ್ಲೇ ಇರುವುದಿಲ್ಲ. ಉಸಿರಿಗೆ ತಲೆ ತಡವಾಗಿ ತಿರುಗಿಸಿ ಮೇಲೆತ್ತುವ ಮಗು ಆಸರೆಗಾಗಿ ಮುಂದಿನ ಕೈಯನ್ನು ಕೆಳಕ್ಕೆ ಒತ್ತುತ್ತದೆ. ಉಸಿರಿಲ್ಲದ ಸ್ಟ್ರೋಕ್‌ನಲ್ಲಿ ಮೊಣಕೈ ಸರಿಯಿದ್ದು, ಉಸಿರಿನ ಸ್ಟ್ರೋಕ್‌ನಲ್ಲಿ ಮಾತ್ರ ಕುಸಿದರೆ ತಿದ್ದಬೇಕಾದದ್ದು ತಲೆಯನ್ನು. ಎರಡರಲ್ಲೂ ಕುಸಿದರೆ ಮಾತ್ರ ಕೈಯ ಡ್ರಿಲ್: 4×25 ಮೀ. (25 ಮೀ. ನಾಲ್ಕು ಸಲ) ಸ್ಕಲ್ಲಿಂಗ್, ಅಂದರೆ ಅಂಗೈಯನ್ನು ಒಳಕ್ಕೆ ಹೊರಕ್ಕೆ ಆಡಿಸುತ್ತ ನೀರಿನ ಒತ್ತಡ ಹಿಡಿಯುವುದು, 4×25 ಮುಷ್ಟಿ ಕಟ್ಟಿ, ಕೂಡಲೇ 4×25 ಪೂರ್ಣ ಸ್ಟ್ರೋಕ್. ಡ್ರಿಲ್ ಮುಗಿದ ತಕ್ಷಣ ಪೂರ್ಣ ಸ್ಟ್ರೋಕ್ ಈಜಿಸದಿದ್ದರೆ ಮಗು ಡ್ರಿಲ್‌ನಲ್ಲಿ ಮಾತ್ರ ನಿಪುಣ ಆಗುತ್ತದೆ. ಒಂದು ಅವಧಿಗೆ ಒಂದೇ ತಿದ್ದುಪಡಿ. ಎರಡನೆಯದು ಕಂಡರೂ ಬಾಯಿಬಿಡದೆ ಬರೆದಿಟ್ಟುಕೊಳ್ಳಿ.

ತಿದ್ದಿದ್ದು ಕೆಲಸ ಮಾಡಿತೇ ಎಂಬುದಕ್ಕೆ ಸ್ಟಾಪ್‌ವಾಚ್ ಒಂದೇ ಸಾಕ್ಷಿಯಲ್ಲ. ಸಮಯದ ಪಕ್ಕದಲ್ಲಿ ಸ್ಟ್ರೋಕ್ ಎಣಿಕೆಯೂ ಬೇಕು. 6×50 ಮೀ., ಪ್ರತಿ 1 ನಿಮಿಷ 15 ಸೆಕೆಂಡಿಗೆ ಒಂದು, ಒಂದೇ ಶ್ರಮದಲ್ಲಿ. ಎರಡೂ ಕೈಗಳನ್ನು ಎಣಿಸಬೇಕು. 38 ಸೆಕೆಂಡು, 44 ಸ್ಟ್ರೋಕ್ ಇದ್ದದ್ದು 38, 41 ಆದರೆ ತಿದ್ದುಪಡಿ ಹಿಡಿದಿದೆ. 41 ಸೆಕೆಂಡು, 37 ಆದರೆ ಮಗು ಕೋಚ್‌ನ ಮೆಚ್ಚಿಸಲು ಕೈ ಮುಂದೆ ಚಾಚಿ ಸುಮ್ಮನೆ ತೇಲುತ್ತಿದೆ. ಇದನ್ನು ಪ್ರಗತಿ ಎಂದು ಹೊಗಳಬೇಡಿ. 38, 44ರಿಂದ ಶುರುವಾಗಿ ಆರನೆಯದಕ್ಕೆ 38, 50 ಆದರೆ ವೇಗ ಉಳಿದಿದೆ, ಹಿಡಿತ ಹೋಗಿದೆ. ಆ ದಿನದ ಸ್ಟ್ರೋಕ್ ಕೆಲಸ ಅಲ್ಲಿಗೆ ನಿಲ್ಲಿಸಿ, ಕಿಕ್‌ಬೋರ್ಡ್ ಕೊಡಿ. ಅದೇ ಹೊತ್ತಿಗೆ ಪ್ಯಾಡಲ್ (ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ) ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಣಿದ ಭುಜ, ಕುಸಿದ ಮೊಣಕೈ, ಅಂಗೈಗಿಂತ ದೊಡ್ಡ ಪ್ಯಾಡಲ್ ಸೇರಿದರೆ ಭುಜನೋವಿಗೆ ದಾರಿ ಮಾಡಿಕೊಟ್ಟಂತೆ.

25 ಮೀ. ಪೂಲ್‌ನ ಎಣಿಕೆಯನ್ನು 50 ಮೀ. ಪೂಲ್‌ನ ಎಣಿಕೆಗೆ ಹೋಲಿಸಬೇಡಿ. ಒಂದು ಟರ್ನ್ ಹೆಚ್ಚಿದ್ದಲ್ಲಿ ಗೋಡೆ ಒದ್ದು ಜಾರಿದ ನಾಲ್ಕೈದು ಮೀಟರ್ ಸ್ಟ್ರೋಕ್ ಇಲ್ಲದೆಯೇ ಕಳೆಯುತ್ತದೆ. ಪುಸ್ತಕದಲ್ಲಿ ಪೂಲ್‌ನ ಉದ್ದ ಬರೆಯದಿದ್ದರೆ ಮೂರು ತಿಂಗಳ ನಂತರ ಆ ಅಂಕಿಗಳಿಂದ ಏನೂ ತಿಳಿಯದು.

ಕೌನ್ಸಿಲ್‌ಮನ್ ಹೇಳಿದ್ದೆಲ್ಲ ಉಳಿದಿಲ್ಲ. 70ರ ದಶಕದಲ್ಲಿ ಅವರು ಪ್ರಚಾರಕ್ಕೆ ತಂದ, ಉಸಿರು ಕಡಿಮೆ ಮಾಡಿ ಈಜಿಸುವ ಹೈಪಾಕ್ಸಿಕ್ ಸೆಟ್ ಅಂಥದ್ದೊಂದು. ಅದರಲ್ಲಿ ಮುಖ್ಯವಾಗಿ ಏರುವುದು ಇಂಗಾಲದ ಡೈಆಕ್ಸೈಡ್; ಎತ್ತರದ ಪ್ರದೇಶದಲ್ಲಿ ತರಬೇತಿ ಪಡೆದ ಲಾಭ ಬರುವುದಿಲ್ಲ. ಐದು ಸ್ಟ್ರೋಕ್‌ಗೊಂದು ಉಸಿರನ್ನು ತಲೆ ಸ್ಥಿರ ಇಡುವ ಅಭ್ಯಾಸವಾಗಿ, ಆರಾಮದ ವೇಗದಲ್ಲಿ ಇಟ್ಟುಕೊಳ್ಳಬಹುದು. ನೀರಿನಡಿ ಯಾರು ಹೆಚ್ಚು ದೂರ ಹೋಗುತ್ತೀರಿ ಎಂಬ ಪಂದ್ಯ ಮಾತ್ರ ಎಂದೂ ಬೇಡ. ಮಕ್ಕಳು ಮುಳುಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಡುತ್ತಾರೆ. ಅದರಿಂದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಎಚ್ಚರಿಕೆ ಬರುವ ಮುನ್ನವೇ ಆಮ್ಲಜನಕ ಮುಗಿದು, ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಕೈಕಾಲು ಬಡಿಯುವುದಿಲ್ಲ, ಸದ್ದೂ ಇರುವುದಿಲ್ಲ. ನೀರಿನಡಿ ಪಂದ್ಯ ಬೇಡ ಎಂಬ ಈ ನಿಯಮವನ್ನು ಪೂಲ್ ಗೋಡೆಯ ಮೇಲೆ ಬರೆಸಿ, ಹೊಸ ಮಗು ಸೇರಿದ ದಿನವೇ ತಂದೆ ತಾಯಿಗೂ ಓದಿ ಹೇಳಿ.