ಸೆರೆಯಿಂದ ಬಂದವರಿಗೆ ಮೊದಲ ಊಟ

ಮಂಗಳೂರು, ಉಡುಪಿ ಕಡೆ ಹಡಗಿನ ಕೆಲಸಕ್ಕೆ ಹೋದವರು ಊರೂರಲ್ಲಿದ್ದಾರೆ. ಕಡಲ್ಗಳ್ಳರ ಸುದ್ದಿ ನಮಗೆ ದೂರದ್ದಲ್ಲ. 2010ರ ಸೆಪ್ಟೆಂಬರಿನಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಹಿಡಿದ ‘ಆಸ್ಫಾಲ್ಟ್ ವೆಂಚರ್’ ಹಡಗನ್ನು 2011ರ ಏಪ್ರಿಲ್‌ನಲ್ಲಿ ಬಿಟ್ಟರೂ 7 ಮಂದಿ ಭಾರತೀಯ ನಾವಿಕರನ್ನು ಒತ್ತೆ ಇಟ್ಟುಕೊಂಡರು; ಅವರು ಹೊರಬಂದದ್ದು 2014ರ ಅಕ್ಟೋಬರಿನಲ್ಲಿ. ಇಷ್ಟು ಕಾಲ ಜೀವ ಹಿಡಿದುಕೊಂಡು ಬಂದವರನ್ನು ಮನೆಯ ಪ್ರೀತಿಯೇ ಅಪಾಯಕ್ಕೆ ದೂಡಬಹುದು. ಬಾಳೆಎಲೆ ತುಂಬ ಬಡಿಸುವ ಪ್ರೀತಿ.

ಬಹುಕಾಲ ಹಸಿದ ದೇಹ ತನ್ನದೇ ಕೊಬ್ಬು, ಮಾಂಸಖಂಡ ಕರಗಿಸಿಕೊಂಡು ಬದುಕಿರುತ್ತದೆ. ಒಮ್ಮೆಲೇ ಅನ್ನ, ಪಾಯಸ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಎರಡನೇ ಮಹಾಯುದ್ಧದ ಸೆರೆಯಾಳುಗಳಲ್ಲಿ ಹಲವರು ಬಿಡುಗಡೆಯಾದ ಮೇಲೆ, ಉಂಡು, ಸತ್ತದ್ದು ಹೀಗೆ.

10 ದಿನಕ್ಕಿಂತ ಹೆಚ್ಚು ಕಾಲ ಸರಿಯಾಗಿ ಉಣ್ಣದಿದ್ದವರನ್ನು ಮನೆಗಿಂತ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ತುತ್ತಿಗೂ ಮುಂಚೆ ಥಯಾಮಿನ್ (ಬಿ1 ಜೀವಸತ್ವ) ಕೊಡಬೇಕು. ಆಮೇಲೆ ಕಿಲೋ ತೂಕಕ್ಕೆ ದಿನಕ್ಕೆ 10 ಕ್ಯಾಲೊರಿ, ತೀರಾ ಬಡಕಲಾಗಿದ್ದರೆ 5. ಅಂದರೆ 50 ಕಿಲೋದವರಿಗೆ ಇಡೀ ದಿನಕ್ಕೆ 500. ಅದು ಸುಮಾರು 140 ಗ್ರಾಂ ಅಕ್ಕಿ ಅಷ್ಟೇ! ಇದನ್ನು ಆರು ಪಾಲು ಮಾಡಿ, ಹಾಲು, ಹೆಸರುಬೇಳೆಗೂ ಅದರಲ್ಲೇ ಜಾಗ ಬಿಡಿ. 4ರಿಂದ 7 ದಿನದಲ್ಲಿ ಮೆಲ್ಲನೆ ಏರಿಸುವುದು, ಅದೂ ರಕ್ತಪರೀಕ್ಷೆ ನೋಡಿಕೊಂಡು. ಕಾಲು ಬಾತರೆ, ಉಸಿರು ಕಟ್ಟಿದರೆ, ಮಾತು ತಡವರಿಸಿದರೆ ತಕ್ಷಣ ವೈದ್ಯರಿಗೆ ಹೇಳಿ.

‘ಗಂಜಿ ಅಲ್ವಾ, ಏನೂ ಆಗುವುದಿಲ್ಲ’ ಎನ್ನುವುದೇ ದೊಡ್ಡ ತಪ್ಪು. ಗಂಜಿಯೂ ಪಿಷ್ಟವೇ. ಆದರೆ ನಮ್ಮ ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಒಳ್ಳೆಯದು: ಭತ್ತ ಬೇಯಿಸುವಾಗ ತೌಡಿನ ಥಯಾಮಿನ್ ಕಾಳಿನೊಳಕ್ಕೆ ಇಳಿದಿರುತ್ತದೆ. ತಿಳಿ ಚೆಲ್ಲಬೇಡಿ. ಮಾತ್ರೆಯನ್ನೂ ಬಿಡಬೇಡಿ. ಮೀನುಗಸಿ, ಕೋರಿರೊಟ್ಟಿಗೆ ವಾರವಾದರೂ ಕಾಯಲಿ.

ಮನಸ್ಸಿನದ್ದೂ ಇದೇ ಲೆಕ್ಕ. ಸೆರೆಯಲ್ಲಿ ಎಷ್ಟೋ ಮಂದಿಯನ್ನು ಉಳಿಸುವುದು ಸಣ್ಣ ದಿನಚರಿ: ದಿನ ಎಣಿಸುವುದು, ಇಷ್ಟು ಹೆಜ್ಜೆ ಎಂದು ನಡೆಯುವುದು, ಪ್ರಾರ್ಥನೆ. ಆ ದಿನಚರಿ ಅವರು ತಾವೇ ಕಟ್ಟಿಕೊಂಡದ್ದು, ಮನೆಗೆ ಬಂದ ಮೇಲೆ ಅದನ್ನು ಮುರಿಯಬೇಡಿ. ಬೆಳಗಿನ ಜಾವ ಅಂಗಳದಲ್ಲಿ ಸುತ್ತಿದರೆ ಸುತ್ತಲಿ. ದಿಂಬಿನಡಿ ಬ್ರೆಡ್ ಅಡಗಿಸಿಟ್ಟರೆ ಕೇಳದೆ ಎಸೆಯಬೇಡಿ. ‘ಹೊಡೆದರಾ?’ ಎಂಬ ಪ್ರಶ್ನೆ, ಸನ್ಮಾನ, ಟಿವಿಯವರು, ಯಾವುದೂ ಬೇಡ. ಹರಕೆಯ ಕೋಲ ಯಾವಾಗ ಎಂಬುದನ್ನೂ ಅವರೇ ಹೇಳಲಿ, ದೈವ ಕಾಯುತ್ತದೆ. ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳುವುದು ನಿಲ್ಲದಿದ್ದರೆ ಮನೋವೈದ್ಯರ ಬಳಿ ಹೋಗಲೇಬೇಕು.

ಮಲಗುವ ಕೋಣೆಯ ಚಿಲಕ ಒಳಗಡೆ ಮಾತ್ರ ಇರಲಿ. ಹೊರಗಿನದನ್ನು ಅವರು ಬರುವ ಮೊದಲೇ ಬಿಚ್ಚಿಸಿಬಿಡಿ.