ಕುಮಟಾ ಈರುಳ್ಳಿ ಮತ್ತು ಕಪ್ಪು ಬೆರಳು

ಬೇಸಿಗೆಯಲ್ಲಿ ಕುಮಟಾದ ಅಳ್ವೇಕೋಡಿಯ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ಜಡೆ ಹೆಣೆದಂತೆ ತೂಗುತ್ತಿರುತ್ತವೆ. ಆ ಏಪ್ರಿಲ್‌ನಲ್ಲಿ ನಾನೊಂದು ಗೊಂಚಲು ಕೊಂಡದ್ದು ಅಡುಗೆಗೆ. ಅಮ್ಮನ ಕಣ್ಣು ತಪ್ಪಿಸಿ ಮೂರು ಗಡ್ಡೆಗಳನ್ನು ಕಾರವಾರದ ಪ್ರಯೋಗಾಲಯಕ್ಕೆ ಒಯ್ದು ನೀರಿನ ಲೋಟಗಳ ಮೇಲೆ ಕೂರಿಸಿದೆ. ಮೂರನೆಯ ದಿನಕ್ಕೆ ಬಿಳಿ ಬೇರುಗಳು ಇಳಿದವು.

ಕಾರಣ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಪಾಠ ಮಾಡುವಾಗ, ಜೀನ್‌ಗಳನ್ನು ಹೊತ್ತ ವರ್ಣತಂತುವಿನ ತುದಿಯ ಬಳಿ ಸಣ್ಣ ಕಚ್ಚು ಬರೆದು "ನ್ಯೂಕ್ಲಿಯೋಲಸ್ ಹುಟ್ಟುವ ಜಾಗ" ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ನನ್ನ ವರ್ಷಗಳ ರೂಢಿ. ನ್ಯೂಕ್ಲಿಯೋಲಸ್ ಎಂದರೆ ಕೋಶಕೇಂದ್ರದೊಳಗಿನ ಪುಟ್ಟ ಗುಂಡು; ಪ್ರೋಟೀನು ಕಟ್ಟುವ ರೈಬೋಸೋಮುಗಳು ತಯಾರಾಗುವುದು ಅಲ್ಲಿ. "ಅಲ್ಲಿ ಏನೂ ಇಲ್ಲದ ಹಾಗೆ ಬರೆದಿದ್ದೀರಲ್ಲ?" ಎಂದಳು. ನಿಜ. ಸೊರಗಿ ಕಾಣುವ ಆ ಭಾಗದಲ್ಲೇ ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನ್‌ಗಳು ಒಂದರ ಹಿಂದೊಂದು ನೂರಾರು ಪ್ರತಿಗಳಲ್ಲಿ ಸಾಲುಗಟ್ಟಿರುತ್ತವೆ. ಮನುಷ್ಯರಲ್ಲಿ ಇಂಥ ಜಾಗಗಳಿರುವುದು 13, 14, 15, 21 ಮತ್ತು 22ನೆಯ ವರ್ಣತಂತುಗಳ ಗಿಡ್ಡ ತೋಳುಗಳಲ್ಲಿ.

ಆ ಜಾಗವನ್ನು ಕಣ್ಣಾರೆ ತೋರಿಸಲು ಬೇರಿನ ತುದಿಯನ್ನು ಆಮ್ಲದಲ್ಲಿ ಮೆದುಗೊಳಿಸಿ, ಗಾಜಿನ ಮೇಲೆ ಒತ್ತಿ, ಜೆಲಾಟಿನ್ ಬೆರೆತ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ದ್ರಾವಣ ಹನಿಸಿದೆವು. ಕಾಯಿಸಲು ಹೊರಟಾಗ ಕರೆಂಟ್ ಹೋಯಿತು. ಕ್ಯಾಂಟೀನಿನಿಂದ ಬಿಸಿನೀರು ತರಿಸಿ, ಸ್ಟೀಲ್ ಡಬ್ಬದ ಮುಚ್ಚಳದ ಮೇಲೆ ಸ್ಲೈಡ್ ಇಟ್ಟೆವು. ಮೊದಲನೆಯದು ಪೂರಾ ಕಪ್ಪಾಯಿತು. ಎರಡನೆಯದನ್ನು ಹೊಂಬಣ್ಣ ಬಂದ ಕೂಡಲೇ ತೊಳೆದು, ಕನ್ನಡಿಯಿರುವ ಹಳೆಯ ಸೂಕ್ಷ್ಮದರ್ಶಕವನ್ನು ಕಿಟಕಿಗೆ ಹಿಡಿದೆವು.

ಹಳದಿ ಕೋಶಕೇಂದ್ರಗಳ ಒಳಗೆ ಗಾಢ ಕಂದು ಗುಂಡುಗಳು, ಅವೇ ನ್ಯೂಕ್ಲಿಯೋಲಸ್‌ಗಳು! ಒಂದರಲ್ಲಿ ಎರಡು, ಪಕ್ಕದ್ದರಲ್ಲಿ ಒಂದೇ ದೊಡ್ಡದು, ಇನ್ನೊಂದರಲ್ಲಿ ಮೂರು. ಎಣಿಕೆ ಹೊಂದುವುದಿಲ್ಲವೇಕೆ ಎಂದು ಹುಡುಗರು ಗೊಣಗಿದರು. ಹತ್ತಿರ ಬಂದ ನ್ಯೂಕ್ಲಿಯೋಲಸ್‌ಗಳು ಎಣ್ಣೆಹನಿಗಳಂತೆ ಕೂಡಿಕೊಳ್ಳುತ್ತವೆ. ಕೋಶ ಒಡೆಯುವಾಗ ಕರಗಿಹೋಗಿ, ಆಮೇಲೆ ಅದೇ ಜಾಗಗಳ ಸುತ್ತ ಮರಳಿ ಕಟ್ಟಿಕೊಳ್ಳುತ್ತವೆ. ಬೆಳ್ಳಿ ಅಂಟುವುದು ಡಿಎನ್‌ಎಗೆ ಅಲ್ಲ, ಅಲ್ಲಿ ದುಡಿಯುತ್ತಿರುವ ಪ್ರೋಟೀನುಗಳಿಗೆ. ಸುಮ್ಮನಿರುವ ಜಾಗ ಬಣ್ಣ ಹಿಡಿಯುವುದಿಲ್ಲ.

ಆಗ ಅಮೆರಿಕದ ತಳಿವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಕಥೆ ಹೇಳಿದೆ. 1934ರಲ್ಲಿ ಆಕೆ ಮೆಕ್ಕೆಜೋಳದ 6ನೆಯ ವರ್ಣತಂತುವಿನಲ್ಲಿ ಈ ಜಾಗವನ್ನು ಗುರುತಿಸಿದರು. ಅದು ಎರಡು ತುಂಡಾಗಿ, ಒಂದು ತುಂಡು ಬೇರೆ ವರ್ಣತಂತುವಿಗೆ ಸೇರಿಹೋದ ಗಿಡಗಳಲ್ಲಿ ಎರಡು ತುಂಡುಗಳೂ ತಮ್ಮ ತಮ್ಮ ನ್ಯೂಕ್ಲಿಯೋಲಸ್ ಕಟ್ಟಿದ್ದವು. ಜೀನ್‌ನ ರಾಸಾಯನಿಕ ರೂಪವೇ ತಿಳಿಯದಿದ್ದ ಕಾಲದಲ್ಲಿ, ಬರೀ ನೋಡಿ ತರ್ಕಿಸಿದ್ದು! ಆಕೆಗೆ 1983ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ. ನನಗೆ ಮಾತ್ರ ಇದೇ ಹೆಚ್ಚು ಇಷ್ಟ.

ಕೈಗವಸು ಹಾಕಿಕೊಳ್ಳಿ ಎಂದು ಮಕ್ಕಳಿಗೆ ಬುದ್ಧಿ ಹೇಳಿದ ನಾನೇ ಬರಿಗೈಯಲ್ಲಿ ಸ್ಲೈಡ್ ತೊಳೆದಿದ್ದೆ. ಸಂಜೆ ಬಸ್ಸಿನ ಕಿಟಕಿಯ ಬಿಸಿಲಿಗೆ ಬೆಳ್ಳಿಯ ದ್ರಾವಣ ತಾಗಿದ್ದ ಬೆರಳುಗಳು ಕಂದಿ, ಕಪ್ಪಾದವು. ಮನೆಯಲ್ಲಿ ಅಮ್ಮ ಕೈ ಹಿಡಿದು ನೋಡಿದಳು.

"ಹಸಿ ಗೇರುಬೀಜ ಒಡೆದೆಯಾ? ಸೊನೆ ತಾಗಿದೆ, ಕೊಬ್ಬರಿ ಎಣ್ಣೆ ಹಚ್ಚಿಕೋ."

ಹಚ್ಚಿಕೊಂಡೆ. ಈರುಳ್ಳಿ ಮೂರು ಕಡಿಮೆಯಾದದ್ದನ್ನು ಆಕೆ ಇನ್ನೂ ಎಣಿಸಿರಲಿಲ್ಲ.