ಸೆಬು ಕಡಲಲ್ಲಿ ಸಿಕ್ಕ ಪೆಟ್ಟಿಗೆ

ಎರಡನೇ ಮಹಾಯುದ್ಧದ ಫಿಲಿಪ್ಪೀನ್ಸ್ ಅಂದ ಕೂಡಲೇ ಅಮೆರಿಕದ ಜನರಲ್ ಮ್ಯಾಕ್‌ಆರ್ಥರ್ ಹೆಸರು ಬರುತ್ತದೆ. ಜಪಾನಿಯರು ನುಗ್ಗಿದಾಗ ದೇಶ ಬಿಟ್ಟು ಹೋದರು, ಹೇಳಿದ ಹಾಗೆ ವಾಪಸ್ ಬಂದರು, ಅಷ್ಟೇ ಕಥೆ. ಅವರು ಹೋಗಿ ಬರುವುದರ ನಡುವೆ ಎರಡೂವರೆ ವರ್ಷ ಇತ್ತು. ಆ ಎರಡೂವರೆ ವರ್ಷ ಜಪಾನಿ ಸೈನ್ಯದ ಕೈಕೆಳಗೆ ಇದ್ದುಕೊಂಡೇ ಹೋರಾಡಿದ ಊರಿನವರ ಬಗ್ಗೆ ನಾನು ಬರೆಯಬೇಕು.

1942ರ ಏಪ್ರಿಲ್ 9ಕ್ಕೆ ಬತಾನ್ ಪರ್ಯಾಯದ್ವೀಪ ಜಪಾನಿಯರ ಕೈಗೆ ಬಿತ್ತು, ಮೇ 6ಕ್ಕೆ ಕೊರೆಹಿಡೋರ್ ಎಂಬ ಕೋಟೆದ್ವೀಪ. ಅಮೆರಿಕ ಮತ್ತು ಫಿಲಿಪ್ಪೀನ್ಸ್ ಸೈನ್ಯ ಶರಣಾಯಿತು. ಆದರೆ ತುಂಬಾ ಜನ ಸೈನಿಕರು ಕೋವಿ ಕೆಳಗಿಡದೆ ಕಾಡು ಹತ್ತಿದರು, ಅವರ ಜೊತೆ ರೈತರು, ಮೇಷ್ಟ್ರುಗಳು, ಮೀನುಗಾರರು ಸೇರಿಕೊಂಡರು. ಮಧ್ಯ ಲುಜಾನ್‌ನಲ್ಲಿ ಲೂಯಿಸ್ ತಾರುಕ್ ಮುಂದಾಳತ್ವದ ಹುಕ್ಬಲಹಾಪ್ ಎಂಬ ರೈತರ ಪಡೆ ಅದಕ್ಕೂ ಮೊದಲೇ, ಮಾರ್ಚ್‌ನಲ್ಲೇ ಹುಟ್ಟಿತ್ತು. ಪನಾಯ್ ದ್ವೀಪದಲ್ಲಿ ಮಕಾರಿಯೋ ಪೆರಾಲ್ತಾ, ಲೇತೆಯಲ್ಲಿ ರುಪೆರ್ತೊ ಕಾಂಗ್ಲಿಯಾನ್ ಮುಂದಾಳುಗಳು. ದ್ವೀಪಕ್ಕೊಂದು ಪಡೆ, ಕೆಲವು ಕಡೆ ಒಂದಕ್ಕಿಂತ ಜಾಸ್ತಿ, ಅವುಗಳ ನಡುವೆ ಜಗಳವೂ ಇತ್ತು. ಹಲವು ಕಡೆ ತಮ್ಮದೇ ಪೆಸೊ ನೋಟು ಅಚ್ಚು ಹಾಕಿ ವ್ಯವಹಾರ ನಡೆಸಿದರು.

ಈಗ ಸೆಬು ದ್ವೀಪದ ವಿಷಯಕ್ಕೆ ಬರುತ್ತೇನೆ, ನನ್ನನ್ನು ತುಂಬಾ ಕಾಡಿದ್ದು ಇದೇ. 1944ರ ಮಾರ್ಚ್ ಕೊನೆಯ ರಾತ್ರಿ, ಬಿರುಗಾಳಿಗೆ ಸಿಕ್ಕಿ ಜಪಾನಿ ನೌಕಾಪಡೆಯ ವಿಮಾನವೊಂದು ಸೆಬು ಹತ್ತಿರ ಕಡಲಿಗೆ ಬಿತ್ತು. ಅದರಲ್ಲಿದ್ದವರು ಅಡ್ಮಿರಲ್ ಫುಕುಡೊಮೆ, ಜಪಾನಿನ ಇಡೀ ಸಂಯುಕ್ತ ನೌಕಾಪಡೆಯ ಮುಖ್ಯಸ್ಥರ ಬಲಗೈ. ಬದುಕಿದವರನ್ನು ಹಳ್ಳಿಯವರೇ ಹಿಡಿದು, ಕಾಡಿನಿಂದ ಹೋರಾಡುತ್ತಿದ್ದ ಗೆರಿಲ್ಲಾಗಳಿಗೆ ಒಪ್ಪಿಸಿದರು. ನೀರಲ್ಲಿ ತೇಲುತ್ತಿದ್ದ ಒಂದು ಪೆಟ್ಟಿಗೆಯೂ ಸ್ಥಳೀಯರಿಗೆ ಸಿಕ್ಕಿತು. ಒಳಗೆ ಜಪಾನ್ ಮುಂದೆ ಹೇಗೆ ಯುದ್ಧ ಮಾಡಬೇಕೆಂದು ಬರೆದಿಟ್ಟ 'ಜೆಡ್ ಯೋಜನೆ' ಇತ್ತು.

ಪೆಟ್ಟಿಗೆ ಮತ್ತು ಅಡ್ಮಿರಲ್ಲನ್ನು ಹುಡುಕಿಕೊಂಡು ಜಪಾನಿ ಸೈನಿಕರು ಹಳ್ಳಿಗಳಿಗೆ ನುಗ್ಗಿದರು. ಮನೆಗಳನ್ನು ಸುಟ್ಟರು, ಕೈಗೆ ಸಿಕ್ಕವರನ್ನು ಕೊಂದರು. ಸೆಬು ಗೆರಿಲ್ಲಾಗಳ ನಾಯಕ ಜೇಮ್ಸ್ ಕುಶಿಂಗ್, ಅಮೆರಿಕದ ಗಣಿ ಎಂಜಿನಿಯರ್. ಸೆರೆಯಾಳುಗಳನ್ನು ಬಿಡಬೇಡಿ ಅಂತ ಅವರಿಗೆ ಮೇಲಿನಿಂದ ಆದೇಶ ಬಂದಿತ್ತು. ಆದರೂ ಹಳ್ಳಿಯವರ ಮೇಲೆ ಕೈ ಮಾಡುವುದನ್ನು ನಿಲ್ಲಿಸಿದರೆ ಅಡ್ಮಿರಲ್ಲನ್ನು ಕೊಡುತ್ತೇನೆ ಎಂದು ಜಪಾನಿಯರ ಜೊತೆ ಮಾತಾಡಿ ಅವರನ್ನು ಬಿಟ್ಟುಕೊಟ್ಟರು. ಮ್ಯಾಕ್‌ಆರ್ಥರ್ ಕಚೇರಿಗೆ ಸಿಟ್ಟು ಬಂತು. ನನ್ನ ಪ್ರಕಾರ ಕುಶಿಂಗ್ ಮಾಡಿದ್ದೇ ಸರಿ. ಅನ್ನ ಹಾಕಿ, ಸುದ್ದಿ ತಂದು, ಅಡಗಿಸಿಟ್ಟು ಕಾಪಾಡಿದ ಜನರನ್ನೇ ಕೊಲ್ಲಲು ಬಿಟ್ಟ ಮೇಲೆ ಯಾರಿಗೋಸ್ಕರ ಹೋರಾಡುವುದು? ಕಾಗದಪತ್ರಗಳು ಮಾತ್ರ ನೆಗ್ರೋಸ್ ದ್ವೀಪದಿಂದ ಜಲಾಂತರ್ಗಾಮಿಯಲ್ಲಿ ಆಸ್ಟ್ರೇಲಿಯಾ ಸೇರಿದವು. ಜೂನ್‌ನಲ್ಲಿ ಫಿಲಿಪ್ಪೀನ್ ಸಮುದ್ರದಲ್ಲಿ ದೊಡ್ಡ ಕದನ ನಡೆಯುವ ಮೊದಲೇ ಜೆಡ್ ಯೋಜನೆಯ ಅನುವಾದ ಅಮೆರಿಕದ ನೌಕಾಪಡೆಯ ಕೈಯಲ್ಲಿತ್ತು.

ಮನಿಲಾದಲ್ಲಿ ಹೊಸೆಫಿನಾ ಗೆರೆರೊ ಅಂತ ಗೆರಿಲ್ಲಾಗಳಿಗೆ ಸುದ್ದಿ ಸಾಗಿಸುವ ಒಬ್ಬ ಹೆಣ್ಣುಮಗಳು ಇದ್ದರು. ಅವರಿಗೆ ಕುಷ್ಠರೋಗ. ಮೈ ಮೇಲಿನ ಗಾಯ ನೋಡಿ ಜಪಾನಿ ಕಾವಲಿನವರು ತಪಾಸಣೆ ಮಾಡಲು ಹತ್ತಿರ ಬರುತ್ತಿರಲಿಲ್ಲ. 1945ರಲ್ಲಿ ನೆಲಬಾಂಬ್‌ಗಳ ನಕ್ಷೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಆ ಕಾಯಿಲೆಯ ಮೈಯಲ್ಲೇ ಮೈಲಿಗಟ್ಟಲೆ ನಡೆದು ಅಮೆರಿಕನ್ನರಿಗೆ ತಲುಪಿಸಿದರು.

ಯುದ್ಧ ಮುಗಿದ ಮೇಲೆ ನಡೆದದ್ದು ಓದಿದರೆ ಹೊಟ್ಟೆ ಉರಿಯುತ್ತದೆ. ಫಿಲಿಪ್ಪೀನ್ಸ್ ಆಗ ಅಮೆರಿಕದ ಆಳ್ವಿಕೆಯಲ್ಲಿತ್ತು, ಅಲ್ಲಿನ ಸೈನ್ಯವನ್ನು 1941ರಲ್ಲಿ ಅಮೆರಿಕದ ಸೇವೆಗೆ ಕರೆದವರು ಅಧ್ಯಕ್ಷ ರೂಸ್‌ವೆಲ್ಟ್. ಆದರೆ 1946ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ, ಆ ಸೈನಿಕರ ಸೇವೆ ಬಹುಪಾಲು ಸವಲತ್ತುಗಳಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದುಬಿಟ್ಟಿತು. ಅಧಿಕೃತವಾಗಿ ಗುರುತಿಸಲ್ಪಟ್ಟ ಗೆರಿಲ್ಲಾಗಳಿಗೂ ಅದೇ ಗತಿ. 2009ರಲ್ಲಿ ಒಂದು ಸಲದ ಪರಿಹಾರ ಬಂತು: ಅಮೆರಿಕದ ಪೌರತ್ವ ಇದ್ದವರಿಗೆ 15,000 ಡಾಲರ್, ಇಲ್ಲದವರಿಗೆ 9,000. ಅಷ್ಟು ಹೊತ್ತಿಗೆ ಹೆಚ್ಚಿನವರು ಬದುಕಿರಲಿಲ್ಲ. ಉಳಿದವರು ಎಂಬತ್ತು ದಾಟಿದ್ದರು. ಒಂದೇ ಕಾಡಿನಲ್ಲಿ, ಒಂದೇ ಪಡೆಯಲ್ಲಿ ಇದ್ದ ಇಬ್ಬರಿಗೆ ಎರಡು ಬೆಲೆ ಕಟ್ಟಿದ್ದು ಯಾವ ನ್ಯಾಯ ಅಂತ ನನಗೆ ಈಗಲೂ ಅರ್ಥವಾಗಿಲ್ಲ.